ಉಕ್ಕಿನ ದೈತ್ಯರ ಉಪಕಥೆಗಳು

ಮಹಾಕಥೆಯೊಂದು ಜನರ ಮನಸ್ಸಿನಲ್ಲಿ ಬೇರು ಬಿಟ್ಟಿತೆಂದರೆ ಅದು ಕವಲೊಡೆಯದೆ ಇರುವುದಿಲ್ಲ. ೯೪೧ರಲ್ಲಿ ಪಂಪನು ‘ವಿಕ್ರಮಾರ್ಜುನ ವಿಜಯ’ವನ್ನು ರಚಿಸಿದನು. ಅದರ ಹದಿಮೂರನೆಯ ಆಶ್ವಾಸದ ದುರ್ಯೋಧನಾವಸಾನದ ಕಥೆಯನ್ನೇ ಬೀಜವಾಗಿ ಹಿಡಿದು, ಕೆಲವು ದಶಕಗಳ ಮೇಲೆ ರನ್ನನು ‘ಸಾಹಸಭೀಮ ವಿಜಯ’ವನ್ನು, ಎಂದರೆ ನಾವೆಲ್ಲ ‘ಗದಾಯುದ್ಧ’ವೆಂದು ಕರೆಯುವ ಕಾವ್ಯವನ್ನು ಬೆಳೆಸಿದನು. ಭೀಮನೇ ಕಥಾನಾಯಕನೆಂದು ಹೆಸರೇ ಸಾರುತ್ತದೆ. ಆದರೆ ಸಹೃದಯನ ಮನಸ್ಸು ಕರಗುವುದು ಬೇರೊಂದೆಡೆಯಲ್ಲಿ. ಸೋತ ದೊರೆ ರಣರಂಗದ ಹೆಣಗಳ ನಡುವೆ ನಡೆದುಹೋಗುತ್ತಾನೆ. ಗುರು ದ್ರೋಣ, ಮಗ ಲಕ್ಷಣಕುಮಾರ, ತಮ್ಮ ದುಶ್ಶಾಸನ, ಗೆಳೆಯ ಕರ್ಣ, ಇವರನ್ನು ಕಂಡು ಗೋಳಾಡುವವನು ಶತ್ರುವಿನ ಮಗನಾದ ಅಭಿಮನ್ಯುವಿನ ಮುಂದೆಯೂ ನಿಂತು ಅವನ ಶೌರ್ಯವನ್ನು ಕೊಂಡಾಡುತ್ತಾನೆ. ಇದೇ ಕಾವ್ಯದಿಂದ ಬಿ.ಎಂ. ಶ್ರೀಕಂಠಯ್ಯನವರು ೧೯೨೬ರಲ್ಲಿ ‘ಗದಾಯುದ್ಧ ನಾಟಕಂ’ ಎಂಬ ರುದ್ರನಾಟಕವನ್ನು ರೂಪಿಸಿದರು. ಕವಲಿಗೊಂದು ಕವಲು!

ಈ ಪೀಠಿಕೆಗೆ ಕಾರಣವಿದೆ. ಈ ವಾರ ವಾಚಕರ ಮುಂದಿಡುತ್ತಿರುವ ಪುಸ್ತಕಗಳು ಜಪಾನಿನವು. ಅವೂ ಒಂದು ಮಹಾಕಥೆಯ ಕವಲುಗಳೇ. ನಮ್ಮ ಶಿಡ್ಲಘಟ್ಟದ ಸೀಮೆಯವರಿಗೆ ಜಪಾನೆಂದರೆ ಮೊದಲು ನೆನಪಾಗುವುದು ರೇಷ್ಮೆ. ೧೯೯೧ರಲ್ಲಿ ಮೈಸೂರಿನ ಕೇಂದ್ರೀಯ ಸಂಸ್ಥೆಯಲ್ಲಿ ಜಪಾನೀ ತಜ್ಞರ ನೆರವಿನೊಡನೆ ಆರಂಭವಾದ ದ್ವಿತಳಿ ರೇಷ್ಮೆಯ ಯೋಜನೆಯ ಮಾತು ಇಲ್ಲಿನ ಗೂಡಿನ ಮಾರುಕಟ್ಟೆಗೆ ಹೊಸದಲ್ಲ. ಈಗ ಅದೇ ದೇಶದಿಂದ ಬೇರೊಂದು ಬಗೆಯ ನೂಲು ನಮ್ಮ ಮನೆಗಳೊಳಕ್ಕೆ, ಮಕ್ಕಳ ಕೈಯಲ್ಲಿರುವ ಮೊಬೈಲಿನ ಮಾರ್ಗವಾಗಿ, ಎಳೆಎಳೆಯಾಗಿ ಬರುತ್ತಿದೆ. ಅಲ್ಲಿನ ಚಲಿಸುವ ಚಿತ್ರಗಳಿಗೆ ‘ಆನಿಮೆ’ ಎಂದೂ ಚಿತ್ರಕಥೆಯ ಪುಸ್ತಕಗಳಿಗೆ ‘ಮಾಂಗಾ’ ಎಂದೂ ಹೆಸರು. ಹೆಸರು ಕೇಳಿದೊಡನೆ ಇದು ಮಂಗಾಟವೇ ಇರಬೇಕೆಂದು ತೀರ್ಮಾನಿಸಿದ ತಾಯಿತಂದೆಯರೂ ಉಂಟು! ಚಿತ್ರಕಥೆಯೆಂದರೆ ಮೂಗು ಮುರಿಯುವವರು ಒಂದು ಸಂಗತಿಯನ್ನು ನೆನೆಯಬೇಕು. ನಾಡಿಗೆಲ್ಲ ಪುರಾಣ ಹೇಳಿದ ಅಮರ ಚಿತ್ರಕಥೆ ಹುಟ್ಟಿದ್ದು ಕನ್ನಡದಲ್ಲಿಯೇ, ೧೯೬೫ರಲ್ಲಿ, ಬೆಂಗಳೂರಿನ ಜಿ.ಕೆ. ಅನಂತರಾಮ್ ಅವರ ಪ್ರಯತ್ನದಿಂದ. ಮೊದಲ ಹತ್ತು ಪುಸ್ತಕಗಳು ಕನ್ನಡದವಾದುದರಿಂದಲೇ ಇಂಗ್ಲಿಷಿನ ಮಾಲೆ ಹನ್ನೊಂದನೆಯ ಸಂಖ್ಯೆಯಿಂದ ತೊಡಗುತ್ತದೆ.

ಇನ್ನು ಮೂಲಕಥೆಯ ವಿಚಾರ. ೧೯೭೯ರ ಏಪ್ರಿಲ್ ೭ರಂದು ಜಪಾನಿನ ದೂರದರ್ಶನದಲ್ಲಿ ‘ಮೊಬೈಲ್ ಸೂಟ್ ಗುಂಡಮ್’ ಎಂಬ ಧಾರಾವಾಹಿ ಆರಂಭವಾಯಿತು. ನಿರ್ದೇಶಕರು ತೊಮಿನೊ ಯೊಶಿಯುಕಿ. ಮನುಷ್ಯರು ಆಕಾಶದಲ್ಲಿ ವಸಾಹತುಗಳನ್ನು ಕಟ್ಟಿಕೊಂಡಿರುವ ಮುಂದಿನ ಕಾಲ. ಜಿಯಾನ್ ಎಂಬ ವಸಾಹತು ಭೂಮಿಯ ಒಕ್ಕೂಟದ ಮೇಲೆ ಯುದ್ಧ ಹೂಡುತ್ತದೆ. ಮನುಕುಲದ ಅರ್ಧ ಭಾಗ ನಾಶವಾಗುತ್ತದೆ. ಎರಡು ಕಡೆಯವರೂ ಹೋರಾಡುವುದು ಮನುಷ್ಯನು ಒಳಗೆ ಕುಳಿತು ನಡೆಸುವ ಉಕ್ಕಿನ ದೈತ್ಯರಿಂದ. ಅಂಥದೊಂದು ದೈತ್ಯದೊಳಕ್ಕೆ, ಬೇರೆ ದಾರಿ ಕಾಣದೆ, ಅಮುರೊ ಎಂಬ ಹದಿನೈದರ ಹುಡುಗ ಹತ್ತಿ ಕೂರುತ್ತಾನೆ. ಆ ದೈತ್ಯದ ಎತ್ತರ ೧೮ ಮೀಟರು. ರನ್ನನಿಗೆ ಆಶ್ರಯವಿತ್ತ ಚಾವುಂಡರಾಯನು ಶ್ರವಣಬೆಳಗೊಳದಲ್ಲಿ ಮಾಡಿಸಿದ ಗೊಮ್ಮಟನ ಎತ್ತರಕ್ಕೆ ಹೆಚ್ಚುಕಡಮೆ ಸಮ. ಎತ್ತರವೊಂದೇ ಸಮ, ಅಷ್ಟೆ. ನಮ್ಮವನು ಗೆದ್ದ ಗಳಿಗೆಯಲ್ಲಿಯೇ ಯುದ್ಧವನ್ನು ತೊರೆದು ನಿಂತವನು; ಅವರದು ಯುದ್ಧಕ್ಕೆಂದೇ ಹುಟ್ಟಿದ್ದು.

ಧಾರಾವಾಹಿಗೆ ಮೊದಲು ನೋಡುವವರೇ ಇರಲಿಲ್ಲ. ೫೨ ಕಂತು ನಡೆಯಬೇಕಾದುದು ೪೩ಕ್ಕೇ ನಿಂತಿತು. ಮರುಪ್ರಸಾರವಾದ ಮೇಲೆ, ೧೯೮೦ರಲ್ಲಿ ಅದರ ಪ್ಲಾಸ್ಟಿಕ್ ಬೊಂಬೆಗಳು ಅಂಗಡಿಗೆ ಬಂದ ಮೇಲೆ, ೧೯೮೧–೮೨ರ ಮೂರು ಚಲನಚಿತ್ರಗಳ ಮೇಲೆ, ಜನ ಹುಚ್ಚೆದ್ದು ಬಂದರು. ಅಂದಿನಿಂದ ಇಂದಿನವರೆಗೆ ಕಥೆ ಮುಂದುವರಿಯುತ್ತಲೇ ಇದೆ. ಕವಲುಗಳಿಗೆ ಮಿತಿಯಿಲ್ಲ, ಬೊಂಬೆ ಮಾರುವುದಕ್ಕಾಗಿಯೇ ಬರೆಸಿದಂತಿರುವುವೂ ಅವುಗಳಲ್ಲಿ ಅನೇಕ. ಆದ್ದರಿಂದ ಆರಿಸಿಕೊಳ್ಳುವುದಕ್ಕೆ ಒಂದು ಒರೆಗಲ್ಲು ಬೇಕು.

ಮೂಲದಲ್ಲಿ ಇಲ್ಲದುದನ್ನು ಹೇಳಿತೆಂಬುದು ದೋಷವಲ್ಲ. ೧೯೫೭ರ ‘ಮಾಯಾಬಜಾರ್’ ಚಿತ್ರದ ಶಶಿರೇಖೆಯ ಮದುವೆ ವ್ಯಾಸಭಾರತದಲ್ಲಿಲ್ಲ. ಆದರೂ ತೆಲುಗು ಕನ್ನಡಗಳೆರಡೂ ಮನೆಮಾತಾಗಿರುವ ನಮ್ಮ ಗಡಿನಾಡಿನಲ್ಲಿ ಎಸ್.ವಿ. ರಂಗರಾವ್ ಅವರ ಘಟೋತ್ಕಚನನ್ನು ಮೆಚ್ಚದವರಾರು? ಅದೇ ಘಟೋತ್ಕಚನು ಮೂಲಕಥೆಯಲ್ಲಿ ಕರ್ಣನ ಶಕ್ತ್ಯಾಯುಧಕ್ಕೆ ಬಲಿಯಾದಾಗ ಪಾಂಡವರು ಅಳುತ್ತಾರೆ, ಕೃಷ್ಣನು ಹರ್ಷದಿಂದ ಕುಣಿಯುತ್ತಾನೆ. ಅರ್ಜುನನು ಉಳಿದನಲ್ಲ! ಲೆಕ್ಕ ಸರಿಯೇ. ಆದರೆ ಕಾಡಿನಲ್ಲಿದ್ದ ಹಿಡಿಂಬೆಗೆ ಆ ಲೆಕ್ಕವನ್ನು ಯಾರು ಒಪ್ಪಿಸಬೇಕು? ಮಹಾಕಥೆಗೆ ನಿಂತು ಕೇಳುವ ಬಿಡುವಿರುವುದಿಲ್ಲ; ಅದು ಮುಂದಿನ ದಿನದ ಯುದ್ಧಕ್ಕೆ ಓಡಬೇಕು. ಆ ಪ್ರಶ್ನೆಯನ್ನು ಕೇಳುವುದೇ ಉಪಕಥೆಯ ಕೆಲಸ. ಕೇಳಿದರೆ ಅದು ಸಾರ್ಥಕ, ಕೇಳದಿದ್ದರೆ ಬೊಂಬೆಯ ಜಾಹೀರಾತು.

ಈ ಒರೆಗಲ್ಲಿಗೆ ನಿಲ್ಲುವ ಮೂರನ್ನು ಹೇಳುತ್ತೇನೆ.

ಮೊದಲನೆಯದು ‘ದಿ ಒರಿಜಿನ್’. ೧೯೭೯ರಲ್ಲಿ ಪಾತ್ರಗಳ ರೂಪವನ್ನು ಬರೆದುಕೊಟ್ಟ ಯಸುಹಿಕೊ ಯೊಶಿಕಜು ಅವರೇ ೨೦೦೧ರಿಂದ ೨೦೧೧ರವರೆಗೆ ‘ಗುಂಡಮ್ ಏಸ್’ ಪತ್ರಿಕೆಯಲ್ಲಿ ಇದನ್ನು ಬರೆದರು. ಮೂಲಕಥೆಯನ್ನೇ ಮತ್ತೆ ಹೇಳುತ್ತ, ಯುದ್ಧಕ್ಕೆ ಹಿಂದಿನ ಕಾಲವನ್ನು ವಿಸ್ತರಿಸುತ್ತಾರೆ. ಮೂಲವನ್ನು ನೋಡದವರೂ ಇದರಿಂದಲೇ ತೊಡಗಬಹುದು. ಇದರಲ್ಲಿ ಜಿಯಾನ್ ಪಕ್ಷದ ಸೇನಾನಿ ಡೊಜ಼ಲ್ ಎಂಬವನಿದ್ದಾನೆ. ತಾನೇ ದೈತ್ಯನಂತಿರುವ ಆಳು. ಒಂದು ಇಡೀ ವಸಾಹತಿನ ಜನ ತನ್ನ ಪಕ್ಷದವರಿಂದ ಸತ್ತ ಮೇಲೆ, ಮನೆಗೆ ಬಂದು ಹಸುಗೂಸಾದ ತನ್ನ ಮಗಳನ್ನು ಕಾಣುತ್ತಾನೆ. ಇಂಥ ಎಷ್ಟು ಕೂಸುಗಳು ಅಲ್ಲಿದ್ದುವೋ ಎಂದು ಅತ್ತುಬಿಡುತ್ತಾನೆ. ಅತ್ತುದರಿಂದ ಪಾಪ ತೊಳೆಯಲಿಲ್ಲ. ಅವನು ಯುದ್ಧವನ್ನು ಬಿಡುವುದೂ ಇಲ್ಲ. ಆದರೆ ಅಂದಿನಿಂದ ಓದುಗನಿಗೆ ಅವನು ಬರಿಯ ‘ಶತ್ರು’ವಾಗಿ ಉಳಿಯುವುದಿಲ್ಲ. ರನ್ನನನ್ನು ಓದಿದವರಿಗೆ ಈ ಸಂಕಟ ಪರಿಚಿತ. ಇಂಗ್ಲಿಷಿನಲ್ಲಿ ೨೦೧೩ರಿಂದ ೨೦೧೫ರವರೆಗೆ ಹನ್ನೆರಡು ದಪ್ಪ ಸಂಪುಟಗಳಾಗಿ ಬಂದಿದೆ. ಹೈಸ್ಕೂಲಿನ ಮೇಲ್ತರಗತಿಗಳ ಮಕ್ಕಳು ಓದಬಹುದು. ಹಿರಿಯರೂ ಜತೆಗೆ ಓದಿದರೆ ಲೇಸು.

ಎರಡನೆಯದು ‘ಥಂಡರ್‌ಬೋಲ್ಟ್’. ಒಹ್ತಗಾಕಿ ಯಸುಒ ಅವರು ೨೦೧೨ರಲ್ಲಿ ಆರಂಭಿಸಿದ ಕೃತಿ. ಇದಕ್ಕೂ ಇಂಗ್ಲಿಷ್ ಅನುವಾದವಿದೆ. ಒಡೆದ ವಸಾಹತುಗಳ ಚೂರುಗಳ ನಡುವೆ ಸದಾ ಸಿಡಿಲು ಹೊಡೆಯುವ ಒಂದು ರಣರಂಗ. ಒಕ್ಕೂಟದ ಕಡೆ ಆ ಹಾಳೂರಿನ ಮಗನೇ ಆದ ಇಯೊ, ಜಾಜ಼್ ಸಂಗೀತದ ಹುಚ್ಚ. ಎದುರು ಪಕ್ಷದಲ್ಲಿ ಕಾಲುಗಳಿಲ್ಲದ ಡ್ಯಾರಿಲ್. ಯುದ್ಧದಲ್ಲಿ ಕೈಕಾಲು ಕಳೆದುಕೊಂಡವರದೇ ಒಂದು ದಳವನ್ನು ಕಟ್ಟಿ, ಕೃತಕ ಅಂಗಗಳ ಪ್ರಯೋಗಕ್ಕೆ ಅವರನ್ನು ಬಳಸುತ್ತಾರೆ. ನರಗಳಿಗೇ ಬೆಸೆದು ನಡೆಸಬೇಕಾದ ಹೊಸ ದೈತ್ಯವೊಂದು ಬಂದಾಗ ಡ್ಯಾರಿಲ್‌ನಿಗೆ ಉಳಿದಿದ್ದ ಕೈಯೂ ಹೋಗುತ್ತದೆ. ಉಕ್ಕಿನ ದೈತ್ಯಕ್ಕೆ ಅವಯವಗಳು ಪೂರ್ಣ. ಒಳಗಿನ ಮನುಷ್ಯನಿಗೆ ಒಂದೂ ಇಲ್ಲ. ಘಟೋತ್ಕಚನ ಲೆಕ್ಕವನ್ನೇ ಇಲ್ಲಿ ಬೇರೆ ಅಂಕಿಗಳಲ್ಲಿ ಬರೆದಿದ್ದಾರೆ. ರಕ್ತಪಾತ ಧಾರಾಳವಾಗಿರುವುದರಿಂದ ಇದು ಕಾಲೇಜು ಮೆಟ್ಟಿಲೇರಿದವರಿಗೆ ಮಾತ್ರ. ಚಿಕ್ಕವರ ಕೈಗೆ ಸಿಗದ ಎತ್ತರದಲ್ಲಿ ಇಡತಕ್ಕದ್ದು.

ಮೂರನೆಯದು ಹಗುರವಾದುದು: ‘ಕ್ರಾಸ್‌ಬೋನ್ ಗುಂಡಮ್’. ತೊಮಿನೊ ಅವರ ಕಥೆಗೆ ಹಸೆಗಾವ ಯುಇಚಿ ಅವರ ಚಿತ್ರ. ೧೯೯೪ರಿಂದ ೧೯೯೭ರವರೆಗೆ ಬಂದು ಆರು ಸಂಪುಟಗಳಲ್ಲಿ ಮುಗಿದಿದೆ. ಗುರುಗ್ರಹದ ಕಡೆಗೆ ವ್ಯಾಸಂಗಕ್ಕೆ ಹೊರಟ ತೊಬಿಯಾ ಎಂಬ ಹುಡುಗ ಆಕಾಶದ ಕಡಲ್ಗಳ್ಳರ ಕೈಗೆ ಸಿಕ್ಕುತ್ತಾನೆ; ಕಳ್ಳರೇ ನ್ಯಾಯದ ಕಡೆಯವರೆಂದು ಮೆಲ್ಲಮೆಲ್ಲನೆ ತಿಳಿಯುತ್ತದೆ. ಸಾಹಸವೇ ಮುಖ್ಯವಾದ ಕಥೆ. ಆದರೂ, ದೊಡ್ಡವರು ಹೇಳಿಕೊಟ್ಟ ಶತ್ರುವನ್ನು ಒಪ್ಪದೆ ತನ್ನ ಕಣ್ಣಿನಿಂದ ನೋಡಿ ತೀರ್ಮಾನಿಸುವ ಹುಡುಗನೊಬ್ಬ ಇದರಲ್ಲಿದ್ದಾನೆಂಬುದು ಸಾಮಾನ್ಯ ಗುಣವಲ್ಲ.

ಓದುವ ಕ್ರಮದ ಬಗ್ಗೆ ಒಂದು ಮಾತು. ಮಾಂಗಾ ಪುಸ್ತಕವನ್ನು ಉರ್ದು ಪುಸ್ತಕದಂತೆ ಬಲದಿಂದ ಎಡಕ್ಕೆ ಓದಬೇಕು. ಚಿತ್ರದ ಮನೆಗಳೂ ಹಾಗೆಯೇ ಸಾಗುತ್ತವೆ. ಎರಡು ಮೂರು ಪುಟಗಳಲ್ಲಿ ಕಣ್ಣು ಪಳಗುತ್ತದೆ.

ಇಷ್ಟೆಲ್ಲ ಹೇಳಿದುದು ಮಕ್ಕಳಿಗೆ ಹೊಸದೊಂದು ಮೋಜನ್ನು ಅಂಟಿಸಲೆಂದಲ್ಲ. ಇಂದು ಯುದ್ಧದ ಸುದ್ದಿ ಕ್ಷಣಕ್ಷಣಕ್ಕೂ ಮೊಬೈಲಿಗೆ ಬಂದು ಬೀಳುತ್ತದೆ. ಸತ್ತವರ ಸಂಖ್ಯೆಯನ್ನು ಕ್ರಿಕೆಟ್ಟಿನ ರನ್ನುಗಳಂತೆ ಎಣಿಸಿ, ‘ನಮ್ಮವರು’ ಮುಂದಿದ್ದರೆ ಚಪ್ಪಾಳೆ ತಟ್ಟುವ ಅಭ್ಯಾಸವನ್ನು ಮಕ್ಕಳು ಯಾರೂ ಹೇಳಿಕೊಡದೆ ಕಲಿಯುತ್ತಿದ್ದಾರೆ. ಅದನ್ನು ತಡೆಯುವ ಶಕ್ತಿ ಉಪದೇಶಕ್ಕಿಲ್ಲ. ಕಥೆಗೆ ಸ್ವಲ್ಪ ಇದೆ. ಎದುರಾಳಿಯ ಮನೆಯಲ್ಲಿಯೂ ತೊಟ್ಟಿಲು ತೂಗುತ್ತದೆಂಬುದನ್ನು ಒಮ್ಮೆ ಕಂಡ ಹುಡುಗ ಚಪ್ಪಾಳೆ ತಟ್ಟುವ ಮೊದಲು ಅರೆಗಳಿಗೆ ತಡೆಯುತ್ತಾನೆ. ಆ ಅರೆಗಳಿಗೆಯೇ ದೊಡ್ಡ ಲಾಭ.

ಡೊಜ಼ಲ್ ಅತ್ತ ಪುಟವನ್ನು ನಿಮ್ಮ ಮಗನೋ ಮಗಳೋ ಬಂದು ತೋರಿಸಿದ ದಿನ, ಕಪಾಟಿನಿಂದ ‘ಗದಾಯುದ್ಧ’ವನ್ನು ಕೆಳಗಿಳಿಸಿ, ದುರ್ಯೋಧನನು ರಣರಂಗವನ್ನು ಹೊಗುವ ಭಾಗವನ್ನು ಓದಿ ಹೇಳಿರಿ. ಹಳಗನ್ನಡ ತೊಡಕೆನಿಸಿದಲ್ಲಿ ಅರ್ಥ ಬಿಡಿಸಿ ಹೇಳಿದರೆ ಸಾಕು. ಪರೀಕ್ಷೆಯ ಪಠ್ಯದಲ್ಲಿ ಕಾಣದಿದ್ದ ರನ್ನನು ಅಂದು ಆ ಮಗುವಿಗೆ ಕಂಡಾನು.