ದೋಸೆಯನ್ನು ದೋಸೆ ಅಂತಲೇ ಕರೆಯೋಣ

ನಮ್ಮೂರಿನ ಯೂನಿವರ್ಸಿಟಿ ಪಕ್ಕದಲ್ಲಿ ಒಂದು ಇಸ್ರೇಲಿ-ಮೆಡಿಟರೇನಿಯನ್ ಕೆಫೆ ಇದೆ. ಶನಿವಾರ ಕನ್ನಡ ಕ್ಲಾಸ್ ಮುಗಿದ ಮೇಲೆ ಕೆಲವು ಸಲ ನಾವು ಅಲ್ಲಿಗೆ ಬ್ರಂಚ್‌ಗೆ ಹೋಗ್ತೀವಿ. ಕಾಲೇಜಿನವರು ಲ್ಯಾಪ್‌ಟಾಪ್ ತೆರೆದು ಕೂತಿರ್ತಾರೆ, ನಾವು ಸಾಲಿನಲ್ಲಿ ನಿಂತು ಆರ್ಡರ್ ಕೊಡಬೇಕು. ಅಲ್ಲಿಯ ತಿಂಡಿಯಷ್ಟೇ ಅಲ್ಲಿಯ ಮೆನು ಕೂಡ ನನಗೆ ಇಷ್ಟ. ಯಾಕೆ ಅಂತ ಹೇಳ್ತೀನಿ.

ಮೆನುವಿನಲ್ಲಿ ದಪ್ಪ ಅಕ್ಷರದಲ್ಲಿ ‘ಶಕ್ಷುಕಾ’ ಅಂತ ಇದೆ. ಅದರ ಕೆಳಗೆ ಸಣ್ಣದಾಗಿ, ಟೊಮ್ಯಾಟೊ ಗೊಜ್ಜಿನಲ್ಲಿ ಬೇಯಿಸಿದ ಮೊಟ್ಟೆ ಅನ್ನುವ ವಿವರ. ಹೆಸರು ಮೊದಲು, ವಿವರ ಆಮೇಲೆ. ಹೊಸಬರು ತಡವರಿಸಿಯಾದರೂ ಆ ಹೆಸರನ್ನೇ ಹೇಳಿ ಆರ್ಡರ್ ಮಾಡ್ತಾರೆ.

ಹೆಸರು ಉಳಿದರೆ ಅದರ ಕಥೆಯೂ ಉಳಿಯುತ್ತದೆ. ಶಕ್ಷುಕಾ ಉತ್ತರ ಆಫ್ರಿಕಾದ ಅಡುಗೆ. ಟ್ಯುನೀಸಿಯಾ, ಲಿಬಿಯಾ ಕಡೆಯ ಯಹೂದಿಗಳು ಅದನ್ನು ಇಸ್ರೇಲಿಗೆ ತಂದರು. ಹಮ್ಮಸ್ ಅಂದರೆ ಅರಬ್ಬಿ ಭಾಷೆಯಲ್ಲಿ ಕಡಲೆ, ನಮ್ಮ ಕಾಬೂಲಿ ಕಡಲೆನೇ! ಅದು ತಮ್ಮದು ಅಂತ ಲೆಬನಾನಿನವರೂ ಹೇಳ್ತಾರೆ. 2010ರಲ್ಲಿ ಅವರು 10,452 ಕೆ.ಜಿ. ಹಮ್ಮಸ್ ಮಾಡಿ ಗಿನ್ನೆಸ್ ದಾಖಲೆ ಬರೆದರು. ಕೆಫೆಯ ಬೋರ್ಡಿನಲ್ಲಿ ಇಸ್ರೇಲಿ ಅಂತ ಇದ್ದರೂ, ತಿಂಡಿಯ ಹೆಸರು ಉಳಿದವರ ಕಥೆಯನ್ನೂ ಹೇಳುತ್ತದೆ.

ಇನ್ನೊಂದು ತಿಂಡಿ ಸಬೀಖ್. ಪೀಟಾ ಬ್ರೆಡ್ಡಿನೊಳಗೆ ಕರಿದ ಬದನೆಕಾಯಿ, ಬೇಯಿಸಿದ ಮೊಟ್ಟೆ, ಎಳ್ಳಿನ ತಹಿನಿ. ಇದು ಇರಾಕಿನಿಂದ ಬಂದ ಯಹೂದಿಗಳದ್ದು. ಅದರ ಮೇಲೆ ಹಾಕುವ ಹಳದಿ ಮಾವಿನಕಾಯಿ ಗೊಜ್ಜಿನ ಹೆಸರು ‘ಅಂಬಾ’. ಮರಾಠಿಯಲ್ಲಿ ಮಾವಿಗೆ ‘ಆಂಬಾ’ ಅಂತಾರೆ, ಗೊತ್ತಲ್ವಾ? ಬಾಗ್ದಾದಿನ ಯಹೂದಿಗಳಿಗೆ ಮುಂಬೈ ಜೊತೆ ವ್ಯಾಪಾರ ಇತ್ತು. ಅದು ಬರೀ ‘ಮ್ಯಾಂಗೊ ಸಾಸ್’ ಆಗಿದ್ದರೆ ಭಾರತದ ನಂಟು ಯಾರಿಗೂ ಹೊಳೆಯುತ್ತಿರಲಿಲ್ಲ.

ಆದರೆ ನಾವು ಏನು ಮಾಡ್ತೀವಿ? ಸ್ಕೂಲಿನಲ್ಲಿ ಯಾರಾದರೂ ಡಬ್ಬಿ ನೋಡಿ ಕೇಳಿದರೆ ದೋಸೆ ‘ಕ್ರೇಪ್’ ಆಗುತ್ತೆ, ವಡೆ ‘ಖಾರದ ಡೋನಟ್’ ಆಗುತ್ತೆ, ಇಡ್ಲಿ ‘ರೈಸ್ ಕೇಕ್’ ಆಗುತ್ತೆ. ಬೇಗ ಅರ್ಥ ಆಗಲಿ ಅಂತ ಹಾಗೆ ಹೇಳೋದು ನಿಜ. ಆದರೆ ವಡೆಯಲ್ಲಿ ತೂತು ಇದೆ ಅಂದ ಮಾತ್ರಕ್ಕೆ ಅದು ಡೋನಟ್ ಆಗಲ್ಲ. ಉದ್ದಿನಬೇಳೆ ನೆನೆಸಿ ರುಬ್ಬಿದವರ ಕೆಲಸವೂ ಆ ಮಾತಿನಲ್ಲಿ ಕಾಣಲ್ಲ. ಬಿಸಿಬೇಳೆಬಾತ್‌ನ ಹೆಸರಿನಲ್ಲೇ ಬಿಸಿ ಇದೆ, ಬೇಳೆ ಇದೆ. ಇಲ್ಲಿ ಹುಟ್ಟಿದ ನಮ್ಮಂಥ ಮಕ್ಕಳಿಗೆ ಅಡುಗೆಮನೆಯ ಕನ್ನಡವೇ ಎಲ್ಲಕ್ಕಿಂತ ಗಟ್ಟಿಯಾದ ಕನ್ನಡ. ಅದನ್ನೂ ಬಿಟ್ಟರೆ ಇನ್ನೇನು ಉಳಿಯುತ್ತೆ?

ಶಕ್ಷುಕಾ ಅನ್ನೋಕೆ ಕಲಿತವರು ದೋಸೆ ಅನ್ನೋಕೂ ಕಲೀತಾರೆ. ಮೊದಲು ಹೆಸರು ಹೇಳೋಣ, ಆಮೇಲೆ ಒಂದು ಸಾಲು ವಿವರ ಕೊಡೋಣ. ಮುಂದಿನ ಯುಗಾದಿ ಪಾಟ್‌ಲಕ್‌ನಲ್ಲಿ ಪ್ರತಿ ಪಾತ್ರೆಯ ಮುಂದೆ ತಿಂಡಿಯ ಹೆಸರಿನ ಒಂದು ಚೀಟಿ ಇಡೋಣ. ಅಮ್ಮ ಅಪ್ಪ ಅಡುಗೆ ಮಾಡಲಿ, ಚೀಟಿಯನ್ನು ಮಾತ್ರ ಮಕ್ಕಳೇ ಕನ್ನಡದಲ್ಲಿ ಬರೆಯಲಿ.