ಶಿವಮೊಗ್ಗಕ್ಕೆ ಒಂದೇ ಗಂಟೆಯೇ?

‘ಬೆಂಗಳೂರಿನಿಂದ ಶಿವಮೊಗ್ಗಕ್ಕೆ ಈಗ ಒಂದೇ ಗಂಟೆ!’ 2023ರ ಫೆಬ್ರುವರಿಯಲ್ಲಿ ಸೋಗಾನೆಯ ವಿಮಾನ ನಿಲ್ದಾಣ ಉದ್ಘಾಟನೆಯಾದಾಗಿನಿಂದ ಮಲೆನಾಡಿನ ಗೆಳೆಯರು ಹೆಮ್ಮೆಯಿಂದ ಆಡುವ ಮಾತಿದು. ಆ ಹೆಮ್ಮೆಯನ್ನು ಕುಗ್ಗಿಸುವುದು ನನ್ನ ಉದ್ದೇಶವಲ್ಲ. ಆದರೆ ಆ ಒಂದು ಗಂಟೆಯನ್ನು ಪ್ರಯಾಣದ ಸಮಯವೆಂದು ಒಪ್ಪಲು ನನ್ನಿಂದಾಗದು.

ವೇಳಾಪಟ್ಟಿ ಹೇಳುವುದು ವಿಮಾನದ ಲೆಕ್ಕವನ್ನು. ಅದು ನಿಂತ ಜಾಗ ಬಿಟ್ಟು ಹೊರಟಾಗಿನಿಂದ ಇನ್ನೊಂದು ಊರಿನಲ್ಲಿ ನಿಲ್ಲುವವರೆಗಿನ ಸಮಯ ಅಷ್ಟೆ. ಪ್ರಯಾಣಿಕರ ಲೆಕ್ಕ ಬೇರೆ. ಜಯನಗರದವರು ದೇವನಹಳ್ಳಿಯ ವಿಮಾನ ನಿಲ್ದಾಣ ಮುಟ್ಟಲು ಒಂದೂವರೆ ಗಂಟೆ ಬೇಕು, ಸಂಜೆಯಾದರೆ ಇನ್ನೂ ಹೆಚ್ಚು. ದೇಶದೊಳಗಿನ ವಿಮಾನಕ್ಕೂ ಚೆಕ್‌-ಇನ್ ಕೌಂಟರ್ ಸಾಮಾನ್ಯವಾಗಿ ಒಂದು ಗಂಟೆ ಮೊದಲೇ ಮುಚ್ಚುತ್ತದೆ. ತಪಾಸಣೆಯ ಸಾಲಿಗೆ ಹೆದರಿ ಎಲ್ಲರೂ ಅದಕ್ಕೂ ಮುಂಚೆ ಹೋಗಿರುತ್ತಾರೆ. ಇಳಿದ ಮೇಲೆ ಲಗೇಜಿಗೆ ಕಾಯಬೇಕು, ಸೋಗಾನೆಯಿಂದ ಪೇಟೆಗೆ ಬರಬೇಕು. ಎಲ್ಲ ಕೂಡಿದರೆ ನಾಲ್ಕೂವರೆ ಗಂಟೆ. ಮೆಜೆಸ್ಟಿಕ್‌ನಿಂದ ಜನಶತಾಬ್ದಿ ರೈಲು ಶಿವಮೊಗ್ಗ ತಲುಪುವುದೂ ಹೆಚ್ಚುಕಡಿಮೆ ಅಷ್ಟೇ ಹೊತ್ತಿಗೆ. ಮನೆಯಿಂದ ರೈಲಿಗೆ, ರೈಲಿನಿಂದ ಮನೆಗೆ ಎಂದು ಒಂದು ಗಂಟೆ ಸೇರಿಸಿ. ವಿಮಾನ ಉಳಿಸಿಕೊಟ್ಟದ್ದು ಆ ಒಂದು ಗಂಟೆಯನ್ನು ಮಾತ್ರ. ಹೆಬ್ಬಾಳ, ಯಲಹಂಕದವರಿಗೆ ಇನ್ನಷ್ಟು ಉಳಿದೀತು, ನಿಜ.

ತಪ್ಪು ವಿಮಾನದ್ದಲ್ಲ, ದೂರದ್ದು. ಆಕಾಶಮಾರ್ಗದಲ್ಲಿ ಶಿವಮೊಗ್ಗ ಸುಮಾರು 240 ಕಿ.ಮೀ. ಮಾತ್ರ. ಮೇಲೇರಿ ವೇಗ ಹಿಡಿಯುವಷ್ಟರಲ್ಲಿ ಇಳಿಯುವ ಹೊತ್ತಾಗಿರುತ್ತದೆ. ಕಲಬುರಗಿ ಸುಮಾರು 460 ಕಿ.ಮೀ., ಹತ್ತಿರಹತ್ತಿರ ಎರಡರಷ್ಟು. ಆದರೂ ಹಾರಾಟಕ್ಕೆ ಹೆಚ್ಚಿಗೆ ಬೇಕಾಗುವುದು ಅರ್ಧ ಗಂಟೆಗಿಂತ ಕಡಿಮೆ. ದೇವನಹಳ್ಳಿಯ ದಾರಿಯಾಗಲಿ, ತಪಾಸಣೆಯ ಸಾಲಾಗಲಿ ಬೆಳೆಯುವುದಿಲ್ಲ. ಬೆಳೆಯುವುದು ನೆಲದ ಪ್ರಯಾಣ. ವಂದೇ ಭಾರತ್ ರೈಲಿಗೂ ಅಲ್ಲಿಗೆ ಎಂಟು ಗಂಟೆಗಿಂತ ಹೆಚ್ಚು ಬೇಕು. ಕಲಬುರಗಿ, ಬೀದರ್‌ಗಳಿಗೆ ವಿಮಾನ ಬೇಕೇ ಬೇಕು ಎಂದು ನಾನು ವಾದಿಸುವುದು ಇದಕ್ಕಾಗಿ.

ವಿಮಾನ ನಿಲ್ದಾಣವಿದ್ದರೆ ಉದ್ಯಮ ಬರುತ್ತದೆ ಎನ್ನುವವರಿದ್ದಾರೆ. ಬರಲಿ. ಮುಂಬೈ, ದೆಹಲಿಗೆ ನೇರ ಹಾರಾಟವಿದ್ದರೆ ಆ ಮಾತಿಗೆ ಬಲ ಬರುತ್ತದೆ. ಬೆಂಗಳೂರಿನ ಹಾರಾಟ ಅದನ್ನು ಸಮರ್ಥಿಸಲಾರದು.

ಸೋಗಾನೆಗೆ ಸುಮಾರು 450 ಕೋಟಿ ರೂಪಾಯಿ ಖರ್ಚಾಯಿತು. ಆ ಹಣ ವ್ಯರ್ಥವಾಯಿತು ಎನ್ನಲಾರೆ. ಆದರೆ ರೈಲಿನ ಲೆಕ್ಕವನ್ನೂ ನೋಡಿ. ಬೆಂಗಳೂರು–ಶಿವಮೊಗ್ಗ ರೈಲು ಹಳಿ ಸುಮಾರು 275 ಕಿ.ಮೀ. ಉದ್ದವಿದೆ. ಜನಶತಾಬ್ದಿಯ ಸರಾಸರಿ ವೇಗ ಗಂಟೆಗೆ 60 ಕಿ.ಮೀ. ಆಸುಪಾಸಿನಲ್ಲಿದೆ. ಅದನ್ನು 90ಕ್ಕೆ ಏರಿಸಿದರೆ ಪ್ರಯಾಣ ಮೂರು ಗಂಟೆಯಲ್ಲಿ ಮುಗಿಯುತ್ತದೆ. ಲಾಭ ಟಿಕೆಟ್ ಕೊಳ್ಳಬಲ್ಲ ಕೆಲವರಿಗಷ್ಟೇ ಅಲ್ಲ, ತುಮಕೂರು, ಅರಸೀಕೆರೆ, ಬೀರೂರು, ಭದ್ರಾವತಿಯವರಿಗೂ ದಕ್ಕುತ್ತದೆ. ಮಲೆನಾಡಿನ ಗೆಳೆಯರೇ, ನಿಮ್ಮ ಸಂಸದರನ್ನು ಮೊದಲು ಈ ಮೂರು ಗಂಟೆಯ ರೈಲು ಕೇಳಿ.