ಎರಡನೇ ದಿನದ ಐದು ನಿಮಿಷ

ಕೊರೊನಾ ಬಂದುಹೋದ ಮೇಲೆ ಪಲ್ಸ್ ಆಕ್ಸಿಮೀಟರ್ ಎಂದರೇನು ಎಂದು ಹಳ್ಳಿಯವರಿಗೆ ಹೇಳಿಕೊಡುವ ಅಗತ್ಯ ಉಳಿದಿಲ್ಲ. ಬೆರಳಿಗೆ ಕ್ಲಿಪ್ ಸಿಕ್ಕಿಸಿ, ಅಂಕಿ 95ಕ್ಕಿಂತ ಕೆಳಗಿಳಿದರೆ ಎಚ್ಚರವಾಗಬೇಕು ಎಂಬುದು ಅಕ್ಷರ ಬಾರದ ಅಜ್ಜಿಗೂ ಗೊತ್ತು. ಅದೇ ಸಾಧನ ಹುಟ್ಟಿದ ಮಗುವಿನ ಹೃದಯದ ದೋಷವನ್ನೂ ಹಿಡಿದುಕೊಡುತ್ತದೆ ಎಂಬುದು ಮಾತ್ರ ಹೆಚ್ಚಿನವರಿಗೆ ಗೊತ್ತಿಲ್ಲ. ನಮ್ಮ ಎಲ್ಲ ಹೆರಿಗೆ ಆಸ್ಪತ್ರೆಗಳಲ್ಲಿ ಇದು ತಪ್ಪದೆ ನಡೆಯುವ ಕೆಲಸವೂ ಆಗಿಲ್ಲ. ಆಗಬೇಕು ಎಂಬುದು ನಮ್ಮ ವಾದ.

ಸಾವಿರ ಶಿಶುಗಳಲ್ಲಿ ಎಂಟು-ಒಂಬತ್ತಕ್ಕೆ ಹುಟ್ಟಿನಿಂದಲೇ ಹೃದಯದ ದೋಷವಿರುತ್ತದೆ. ಅವುಗಳಲ್ಲಿ ಸುಮಾರು ಎರಡು ಮಕ್ಕಳ ಸ್ಥಿತಿ ಗಂಭೀರ, ಮೊದಲ ವರ್ಷದೊಳಗೇ ಶಸ್ತ್ರಚಿಕಿತ್ಸೆ ಬೇಕು. ತಿಂಗಳಿಗೆ 200 ಹೆರಿಗೆಯಾಗುವ ತಾಲ್ಲೂಕು ಆಸ್ಪತ್ರೆಯೊಂದನ್ನು ತೆಗೆದುಕೊಳ್ಳಿ. ವರ್ಷಕ್ಕೆ 20 ಹೃದ್ರೋಗದ ಮಕ್ಕಳು ಅಲ್ಲಿಂದ ಮನೆಗೆ ಹೋಗುತ್ತವೆ. ಅದರಲ್ಲಿ ನಾಲ್ಕೈದಕ್ಕೆ ಸಮಯವೇ ಇರುವುದಿಲ್ಲ.

ಹಾಗಾದರೆ ಡಾಕ್ಟರಿಗೆ ಕಾಣುವುದಿಲ್ಲವೇ? ಹಲವು ಸಲ ಕಾಣುವುದಿಲ್ಲ. ಗರ್ಭದಲ್ಲಿದ್ದಾಗ ಮಗುವಿನ ರಕ್ತ ಶ್ವಾಸಕೋಶವನ್ನು ಬಳಸಿಕೊಂಡು ಹೋಗಲು ಒಂದು ಸಣ್ಣ ನಾಳವಿರುತ್ತದೆ. ಹುಟ್ಟಿದ ಎರಡು-ಮೂರು ದಿನಗಳಲ್ಲಿ ಅದು ಮುಚ್ಚಿಕೊಳ್ಳುತ್ತದೆ. ಕೆಲವು ದೋಷಗಳಲ್ಲಿ ಮಗು ಬದುಕಿರುವುದೇ ಆ ನಾಳದ ದೆಸೆಯಿಂದ. ಅದು ತೆರೆದಿರುವಷ್ಟು ಹೊತ್ತು ಮಗು ಅಳುತ್ತದೆ, ಹಾಲು ಕುಡಿಯುತ್ತದೆ, ಕೆಂಪಗೆ ಕಾಣುತ್ತದೆ. ಸಹಜ ಹೆರಿಗೆಯಾದ ತಾಯಿಯನ್ನು 48 ಗಂಟೆಗೆ ಮನೆಗೆ ಕಳಿಸುತ್ತೇವೆ. ನಾಳ ಮುಚ್ಚುವ ಹೊತ್ತಿಗೆ ಮಗು ತೊಟ್ಟಿಲಲ್ಲಿರುತ್ತದೆ, ಆಸ್ಪತ್ರೆ ಮೂವತ್ತು ಮೈಲಿ ದೂರದಲ್ಲಿರುತ್ತದೆ. ರಕ್ತದ ಆಮ್ಲಜನಕ 80ರ ಆಸುಪಾಸಿಗೆ ಇಳಿಯುವ ತನಕ ತುಟಿ ನೀಲಿಯಾದದ್ದು ಕಣ್ಣಿಗೆ ಸ್ಪಷ್ಟವಾಗುವುದಿಲ್ಲ. ಕಪ್ಪು ಮೈಬಣ್ಣದ ಮಗುವಿನಲ್ಲಿ ಗುರುತಿಸುವುದು ಇನ್ನೂ ಕಷ್ಟ. ಹೀಗೆ ಹೋದ ಮಗುವಿಗೆ ‘ನ್ಯುಮೋನಿಯಾ’ ಎಂಬ ಹೆಸರು ಬೀಳುತ್ತದೆ, ಇಲ್ಲವೇ ‘ಗಾಳಿ ಸೋಕಿತು’ ಎಂಬ ಮಾತು.

ಪರೀಕ್ಷೆ ಬಲು ಸರಳ. ಹುಟ್ಟಿ 24 ಗಂಟೆ ಕಳೆದ ಮೇಲೆ ಮಗುವಿನ ಬಲಗೈಗೆ ಮತ್ತು ಒಂದು ಕಾಲಿಗೆ ಪಟ್ಟಿ ಸುತ್ತಿ ಅಳೆಯುವುದು. ಎರಡೂ ಕಡೆ 95 ಅಥವಾ ಹೆಚ್ಚಿದ್ದು, ವ್ಯತ್ಯಾಸ ಮೂರನ್ನು ಮೀರದಿದ್ದರೆ ಮನೆಗೆ ಕಳಿಸಬಹುದು. 90ಕ್ಕಿಂತ ಕಡಿಮೆಯಾದರೆ ಆ ಕ್ಷಣವೇ ವೈದ್ಯರು ನೋಡಬೇಕು. ನಡುವೆ ಬಂದರೆ ಗಂಟೆ ಬಿಟ್ಟು ಮತ್ತೆ ಅಳೆಯಬೇಕು. ಸೂಜಿಯಿಲ್ಲ, ರಕ್ತವಿಲ್ಲ, ನರ್ಸ್ ಒಬ್ಬರೇ ಐದು ನಿಮಿಷದಲ್ಲಿ ಮುಗಿಸುತ್ತಾರೆ. ದೊಡ್ಡವರ ಕ್ಲಿಪ್ ಇದಕ್ಕೆ ಬಾರದು, ಶಿಶುಗಳ ಪ್ರೋಬ್ ಬೇಕು. ಅದೇನೂ ಸ್ಕ್ಯಾನಿಂಗ್ ಯಂತ್ರದ ಬೆಲೆಯದಲ್ಲ.

ಇದು ಎಲ್ಲವನ್ನೂ ಹಿಡಿಯುತ್ತದೆ ಎಂದು ನಾವು ಹೇಳುತ್ತಿಲ್ಲ. 2012ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟವಾದ, 2 ಲಕ್ಷಕ್ಕೂ ಹೆಚ್ಚು ಶಿಶುಗಳ ಲೆಕ್ಕಾಚಾರದ ಪ್ರಕಾರ ಗಂಭೀರ ದೋಷಗಳಲ್ಲಿ ಮುಕ್ಕಾಲು ಪಾಲು ಸಿಕ್ಕಿಬೀಳುತ್ತವೆ. ಮಹಾಧಮನಿ ಕಿರಿದಾಗಿರುವ ದೋಷ ತಪ್ಪಿಸಿಕೊಳ್ಳಬಹುದು. ‘ಹೃದಯದಲ್ಲಿ ತೂತು’ ಎಂದು ನಾವು ಕರೆಯುವ ಸಾಮಾನ್ಯ ದೋಷ ಇದರಲ್ಲಿ ಕಾಣುವುದೇ ಇಲ್ಲ. ಆದ್ದರಿಂದ ಮನೆಗೆ ಬರುವ ಆಶಾ ಕಾರ್ಯಕರ್ತೆಯ ಕಣ್ಣು ಬಹಳ ಮುಖ್ಯ. ಹಾಲು ಕುಡಿಯುವಾಗ ಬೆವರುವುದು, ಕುಡಿಯುತ್ತ ಕುಡಿಯುತ್ತ ದಣಿದು ಬಿಡುವುದು, ನಿಮಿಷಕ್ಕೆ 60 ಅಥವಾ ಹೆಚ್ಚು ಸಲ ಉಸಿರಾಡುವುದು, ತೂಕ ಏರದಿರುವುದು: ಇವನ್ನು ತಾಯಿಗೂ ಹೇಳಿಕೊಡಬೇಕು.

ಇದಕ್ಕಿಂತ ಗಟ್ಟಿಯಾದ ಆಕ್ಷೇಪ ಇನ್ನೊಂದಿದೆ. ರೋಗ ಪತ್ತೆ ಮಾಡಿ ಏನು ಮಾಡುತ್ತೀರಿ, ಚಿಕಿತ್ಸೆ ಇರುವುದು ಬೆಂಗಳೂರಿನಲ್ಲಲ್ಲವೇ? ನಿಜ. ಮಕ್ಕಳ ಹೃದಯ ಶಸ್ತ್ರಚಿಕಿತ್ಸಕರು ದೊಡ್ಡ ಊರುಗಳಲ್ಲೇ ಇದ್ದಾರೆ. ಆದರೆ ಆ ನಾಳವನ್ನು ತೆರೆದಿಡುವ ಪ್ರೊಸ್ಟಾಗ್ಲಾಂಡಿನ್ ಎಂಬ ಔಷಧವಿದೆ. ಜಿಲ್ಲಾಸ್ಪತ್ರೆಯಲ್ಲಿ ಅದನ್ನು ಶುರು ಮಾಡಿದರೆ ದೂರದ ಪ್ರಯಾಣಕ್ಕೆ ಸಮಯ ಸಿಗುತ್ತದೆ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ಪಟ್ಟಿಯಲ್ಲಿ ಜನ್ಮಜಾತ ಹೃದ್ರೋಗವೂ ಇದೆ. ಪಕ್ಕದ ಕೇರಳ 2017ರಲ್ಲೇ ‘ಹೃದ್ಯಂ’ ಯೋಜನೆ ತಂದು, ಹೃದ್ರೋಗದ ಮಕ್ಕಳನ್ನು ಆನ್‌ಲೈನ್‌ನಲ್ಲಿ ನೋಂದಾಯಿಸಿ ಸರದಿಯ ಪ್ರಕಾರವಲ್ಲ, ತುರ್ತಿನ ಪ್ರಕಾರ ಆಸ್ಪತ್ರೆ ಗೊತ್ತುಮಾಡುವ ವ್ಯವಸ್ಥೆ ಮಾಡಿತು. ಅಮೆರಿಕದಲ್ಲಿ ಈ ತಪಾಸಣೆ 2011ರಲ್ಲೇ ನವಜಾತ ಶಿಶುಗಳ ಪರೀಕ್ಷಾ ಪಟ್ಟಿಗೆ ಸೇರಿತು. ಕೇರಳ ಮಾಡಿದ್ದನ್ನು ನಾವು ಮಾಡಲಾರೆವೇ?

ಪತ್ರಿಕೆಗಳಿಗೂ ಒಂದು ಮಾತು. ಹೃದ್ರೋಗದ ಮಗುವಿನ ಫೋಟೊ ಹಾಕಿ, ಬ್ಯಾಂಕ್ ಖಾತೆ ಸಂಖ್ಯೆ ಕೊಟ್ಟು ‘ನೆರವಿಗೆ ಮನವಿ’ ಎಂದು ಅಚ್ಚು ಹಾಕುವುದು ಒಳ್ಳೆಯ ಕೆಲಸವೇ. ಅದರ ಜೊತೆಗೆ ಈ ಮಗು ಹುಟ್ಟಿದ ಆಸ್ಪತ್ರೆಯಲ್ಲಿ ಆಮ್ಲಜನಕ ಅಳೆದಿದ್ದರೇ ಎಂಬ ಪ್ರಶ್ನೆಯನ್ನೂ ಕೇಳಬೇಕು. ಜಿಲ್ಲಾ ಪಂಚಾಯಿತಿ ಸಭೆಯಲ್ಲಿ ಸದಸ್ಯರೂ ಕೇಳಬೇಕು.

ತಾಯಿ ಕಾರ್ಡಿನಲ್ಲಿ ಮಗುವಿನ ತೂಕ ಬರೆಯುತ್ತಾರೆ, ಹಾಕಿದ ಲಸಿಕೆ ಬರೆಯುತ್ತಾರೆ. ಅದರ ಪಕ್ಕದಲ್ಲಿ ಬಲಗೈಯ ಅಂಕಿಯೊಂದು, ಕಾಲಿನ ಅಂಕಿಯೊಂದು ಬರೆಯಲಿ. ಆ ಎರಡು ಅಂಕಿ ಇಲ್ಲದ ಕಾರ್ಡ್ ಹಿಡಿದು ಯಾವ ಬಾಣಂತಿಯೂ ಮನೆಗೆ ಹೊರಡದಂತಾಗಲಿ.